ನೂರು ರೂಪಾಯಿ ವಂತಿಗೆ ಮತ್ತು ಹೈಕಮಾಂಡ್: ದುಡ್ಡು ಯಾರ ಖಾತೆಗೆ ಬೀಳುತ್ತದೆ?

ಪಕ್ಷಗಳ ದೇಣಿಗೆ ಕುರಿತ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ತಲೆ ಕೆಡುತ್ತದೆ. ಕೊಟ್ಟವರ ಹೆಸರು ಹೊರಬೀಳದಂತೆ ಪಕ್ಷಕ್ಕೆ ಹಣ ಕೊಡುವ ದಾರಿಯಾಗಿದ್ದ ಚುನಾವಣಾ ಬಾಂಡ್ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ತೀರ್ಪು ಕೊಟ್ಟಿತು. ಆದರೂ ಕಂಪನಿಗಳ ಹಣ ನಿಂತಿಲ್ಲ, ದಾರಿ ಬದಲಿಸಿದೆ ಅಷ್ಟೆ. ಕೋಟಿಗಳಲ್ಲಿ ಎಣಿಸುವ ಪಕ್ಷಗಳೇ ಜನರ ಮೊಬೈಲಿಗೆ ಬಂದು ನೂರು, ಇನ್ನೂರು ಕೇಳುತ್ತಿವೆ. ಆರು ವರ್ಷ ಒಂದು ಚುನಾವಣೆಗೂ ನಿಲ್ಲದ 334 ನೋಂದಾಯಿತ ಪಕ್ಷಗಳನ್ನು ಚುನಾವಣಾ ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ಹೆಸರೇ ಕೇಳದ ಪಕ್ಷಗಳಿಗೆ ದೇಣಿಗೆ ಕೊಟ್ಟೆವೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆದವರ ಹಿಂದೆ ಆದಾಯ ತೆರಿಗೆ ಇಲಾಖೆ ಬಿದ್ದಿದೆ.

ದೊಡ್ಡ ದುಡ್ಡು ಬರುತ್ತಿರುವಾಗ ಸಣ್ಣ ದುಡ್ಡು ಏಕೆ ಬೇಕು? ಸಾಗರದ ಅಡಿಕೆ ಬೆಳೆಗಾರರೋ ಭದ್ರಾವತಿಯ ನಿವೃತ್ತ ಕಾರ್ಮಿಕರೋ ನೂರು ರೂಪಾಯಿ ಕೊಟ್ಟರೆ ಪಕ್ಷದೊಳಗೆ ಅವರ ಮಾತಿಗೆ ಬೆಲೆ ಬರುತ್ತದೆಯೇ? ದೆಹಲಿ, ಬೆಂಗಳೂರಿನ ನಾಯಕರ ಹಿಡಿತ ಸಡಿಲವಾಗುತ್ತದೆಯೇ? ಸಡಿಲವಾಗಬಹುದು. ಆದರೆ ದೇಣಿಗೆ ಸಣ್ಣದಾದ ಮಾತ್ರಕ್ಕೆ ಅದು ಆಗುವುದಿಲ್ಲ. ದುಡ್ಡು ಯಾರ ಖಾತೆಗೆ ಬೀಳುತ್ತದೆ, ಕೊಟ್ಟವರ ಪಟ್ಟಿ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಬಾಂಡ್ ಹೋಯಿತು, ದೊಡ್ಡ ಹಣ ಉಳಿಯಿತು

ಬಾಂಡ್ ಯೋಜನೆ ಜಾರಿಗೆ ಬಂದದ್ದು 2018ರಲ್ಲಿ. ಮಾರುವ ಅಧಿಕಾರ ಇದ್ದದ್ದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಮಾತ್ರ. ಸಾವಿರ ರೂಪಾಯಿಯ ಬಾಂಡೂ ಇತ್ತು, ಒಂದು ಕೋಟಿಯದೂ ಇತ್ತು. ಸಾಮಾನ್ಯ ಜನರೂ ಕೊಳ್ಳಲಿ ಎಂಬುದು ಹೇಳಿಕೆಯ ಮಾತು. ಒಟ್ಟು ಮಾರಾಟ 16 ಸಾವಿರ ಕೋಟಿ ರೂಪಾಯಿ ದಾಟಿತು, ಮೊತ್ತದ ಲೆಕ್ಕದಲ್ಲಿ ಅದರ ಬಹುಪಾಲು ಒಂದು ಕೋಟಿಯ ಬಾಂಡುಗಳದ್ದೇ. ಸಾವಿರದ ಬಾಂಡು ಅಲಂಕಾರಕ್ಕೆ ಇತ್ತು ಎನ್ನಬೇಕು.

ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡುವಂತಿಲ್ಲ ಎಂಬ ಮಿತಿಯನ್ನು 2017ರಲ್ಲಿ ತೆಗೆಯಲಾಗಿತ್ತು. ಅದನ್ನು ತೆಗೆದದ್ದೂ ತಪ್ಪು ಎಂದು ಕೋರ್ಟ್ ಹೇಳಿತು. ಅಲ್ಲಿಂದಾಚೆ ಹಣ, ಕಂಪನಿಗಳಿಂದ ದೇಣಿಗೆ ಪಡೆದು ಪಕ್ಷಗಳಿಗೆ ಹಂಚಲು 2013ರಲ್ಲೇ ರೂಪುಗೊಂಡಿದ್ದ ಚುನಾವಣಾ ಟ್ರಸ್ಟ್‌ಗಳ ಕಡೆ ಹೊರಳಿತು. ಬಾಂಡಿಗೂ ಟ್ರಸ್ಟಿಗೂ ಇರುವ ವ್ಯತ್ಯಾಸ ಸಣ್ಣದಲ್ಲ, ಟ್ರಸ್ಟ್‌ನಲ್ಲಿ ಕೊಟ್ಟವರ ಹೆಸರು ಬಹಿರಂಗವಾಗುತ್ತದೆ. ಆದರೆ ಪಕ್ಷದ ಒಳಗಿನ ಅಧಿಕಾರದ ಮಟ್ಟಿಗೆ ಎರಡೂ ಒಂದೇ. ಎರಡರಲ್ಲೂ ಹಣ ಹೋಗುವುದು ಪಕ್ಷದ ನೆತ್ತಿಗೆ. ಅಲ್ಲಿಂದ ಕೆಳಗೆ ಇಳಿಯುವುದೋ ಬಿಡುವುದೋ ಮೇಲಿನವರ ಮರ್ಜಿ.

ಮೇಲಿನಿಂದ ಇಳಿಯುವ ಹಣದ ಗುಣ

ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದಂಥ ರಾಜ್ಯದ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು, ಲೋಕಸಭೆಗೆ 95 ಲಕ್ಷ. 2022ರ ಜನವರಿಯಿಂದ ಈ ಮಿತಿ ಇದೆ. ಪಕ್ಷ ನಡೆಸುವ ಸಾಮಾನ್ಯ ಪ್ರಚಾರಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕು ಎಂದು ಸುಪ್ರೀಂ ಕೋರ್ಟ್ 1974ರಲ್ಲಿ ಹೇಳಿದ್ದಿದೆ. ಅದೇ ವರ್ಷ ಸಂಸತ್ತು ಕಾಯ್ದೆಯನ್ನು ತಿದ್ದಿ ಆ ತೀರ್ಪನ್ನು ಮಗುಚಿ ಹಾಕಿತು. ಮುಂದೆ 2003ರಲ್ಲಿ ಮತ್ತೆ ತಿದ್ದುಪಡಿಯಾದರೂ ಪಕ್ಷದ ಥೈಲಿಗೆ ಮುಚ್ಚಳ ಬೀಳಲಿಲ್ಲ.

ಪರಿಣಾಮ ಸರಳ. ತಾರಾ ಪ್ರಚಾರಕರು, ಹೆಲಿಕಾಪ್ಟರ್, ಪತ್ರಿಕೆ ಜಾಹೀರಾತು, ಸಮೀಕ್ಷೆ, ಮೊಬೈಲ್ ಪ್ರಚಾರ ಎಲ್ಲವೂ ಪಕ್ಷದ ಖಜಾನೆಯಿಂದ ಬರಬೇಕು. ತಾನು ಗೆಲ್ಲಬಲ್ಲೆ ಎಂದು ಊರಿಗೆಲ್ಲ ಗೊತ್ತಿರುವ ಕಾರ್ಯಕರ್ತನೂ ಖಜಾನೆಯ ಕೀಲಿ ಇಟ್ಟುಕೊಂಡವರ ಬಾಗಿಲಲ್ಲಿ ನಿಲ್ಲಬೇಕು. ಹಾಗೆ ನಿಂತು ಗೆದ್ದವನು ಮುಂದಿನ ಐದು ವರ್ಷ ಬಗರ್‌ಹುಕುಂ ಸಾಗುವಳಿದಾರರ ಪರ ಸದನದಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಬೇಕು ಎಂಬುದನ್ನೂ ಆ ಬಾಗಿಲನ್ನು ನೆನೆದೇ ತೀರ್ಮಾನಿಸುತ್ತಾನೆ.

ಕೆಳಗಿನಿಂದ ಹಣ ಮೇಲಕ್ಕೆ ಹೋಗುವುದೂ ಉಂಟು, ಆದರೆ ಬೇರೆ ರೀತಿಯಲ್ಲಿ. 2023ರ ವಿಧಾನಸಭೆ ಚುನಾವಣೆಗೆ ಮುನ್ನ ಕರ್ನಾಟಕ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿ ಶುಲ್ಕವೆಂದು 5 ಸಾವಿರ, ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿಯ ಡಿ.ಡಿ. ಪಡೆಯಿತು. ಸಾವಿರಕ್ಕೂ ಹೆಚ್ಚು ಜನ ಕಟ್ಟಿದರು. ರಾಜ್ಯದಲ್ಲಿರುವುದು 224 ಕ್ಷೇತ್ರ. ಅಂದರೆ ಟಿಕೆಟ್ ಸಿಗದೆ ಹೋದವರೇ ಪಕ್ಷಕ್ಕೆ ಹೆಚ್ಚು ಹಣ ಕೊಟ್ಟಂತಾಯಿತು. ಇದೂ ತಳಮಟ್ಟದಿಂದ ಬಂದ ದುಡ್ಡೇ. ಆದರೆ ಇದರಿಂದ ಗಟ್ಟಿಯಾದದ್ದು ಟಿಕೆಟ್ ಹಂಚುವವರ ಕೈ.

ಒಂದು ವೋಟು, ಒಂದು ನೋಟು

ಮಲೆನಾಡಿಗೆ ಸಣ್ಣ ದೇಣಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ಗೇಣಿ ಅಳೆಯುವ ಕೊಳಗದ ಅಳತೆಯೇ ಜಗಳದ ಮೂಲಗಳಲ್ಲಿ ಒಂದು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಆ ಹಳ್ಳಿಯ ಹೆಸರು ದೇಶಕ್ಕೆ ತಿಳಿಯಿತು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸೋಷಲಿಸ್ಟ್ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೆದ್ದರು. ‘ಒಂದು ವೋಟು, ಒಂದು ನೋಟು’ ಎಂಬ ಮಾತು ಮಲೆನಾಡಿನ ನೆನಪಿನಲ್ಲಿ ಗೋಪಾಲಗೌಡರ ಹೆಸರಿನೊಂದಿಗೇ ಬೆಸೆದುಕೊಂಡಿದೆ.

ಆ ಒಂದು ರೂಪಾಯಿ ಮಾಡಿದ ಕೆಲಸ ಗಮನಿಸಬೇಕು. ಅದರಿಂದ ಜೀಪಿಗೆ ಪೆಟ್ರೋಲು ಬಂತು, ಕರಪತ್ರ ಅಚ್ಚಾಯಿತು ಎನ್ನುವುದಿರಲಿ. ರೂಪಾಯಿ ಕೊಟ್ಟ ಗೇಣಿದಾರ ಚುನಾವಣೆಯಲ್ಲಿ ಪಾಲುದಾರನಾದ. ಅಭ್ಯರ್ಥಿ ಹಂಗಿಗೆ ಬಿದ್ದದ್ದು ಅವನಿಗೆ. ಹಣ ಬಂದ ದಾರಿಯೂ ಮತ ಬಂದ ದಾರಿಯೂ ಒಂದೇ ಆಗಿದ್ದರಿಂದ ನಡುವೆ ದಲ್ಲಾಳಿಗೆ ಜಾಗವಿರಲಿಲ್ಲ. 1980ರಲ್ಲಿ ಶಿವಮೊಗ್ಗದಲ್ಲೇ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವೂ ಹಳ್ಳಿಯವರ ವಂತಿಗೆ, ಹಸಿರು ಶಾಲುಗಳ ಬಲದ ಮೇಲೇ ನಡೆಯಿತು.

ಇದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಊರ ಮಾರಿ ಜಾತ್ರೆಗೆ ಮನೆಗಿಷ್ಟು ಎಂದು ವಂತಿಗೆ ಎತ್ತಿದ ಮೇಲೆ, ಜಾತ್ರೆ ಮುಗಿದ ವಾರದಲ್ಲಿ ಲೆಕ್ಕ ಓದಲೇಬೇಕು. ಶಾಮಿಯಾನಕ್ಕೆ ಅಷ್ಟೇಕೆ ಕೊಟ್ಟಿರಿ ಎಂದು ಐವತ್ತು ರೂಪಾಯಿ ಕೊಟ್ಟವರೂ ಎದ್ದು ಕೇಳುತ್ತಾರೆ, ಐದು ಸಾವಿರ ಕೊಟ್ಟವರಿಗಿಂತ ಜೋರಾಗಿಯೇ ಕೇಳುತ್ತಾರೆ. ಪಕ್ಷಕ್ಕೆ ಕೊಟ್ಟ ನೂರು ರೂಪಾಯಿಯ ಲೆಕ್ಕವನ್ನು ಹಾಗೆ ಕೇಳುವ ಜಾಗ ಎಲ್ಲಿದೆ?

ಅಮೆರಿಕದಲ್ಲಿ ಆದದ್ದು, ಇಲ್ಲಿ ಆಗದ್ದು

ಸಣ್ಣ ದೇಣಿಗೆಯಿಂದ ನಾಯಕತ್ವದ ಹಿಡಿತ ಸಡಿಲವಾಗುತ್ತದೆ ಎಂಬ ವಾದಕ್ಕೆ ಹೆಚ್ಚಿನ ಪುರಾವೆ ಸಿಗುವುದು ಅಮೆರಿಕದಲ್ಲಿ. 2002ರ ಕಾಯ್ದೆಯೊಂದು ಅಲ್ಲಿನ ರಾಷ್ಟ್ರೀಯ ಪಕ್ಷಗಳು ಮಿತಿಯಿಲ್ಲದೆ ಪಡೆಯುತ್ತಿದ್ದ ದೊಡ್ಡ ದೇಣಿಗೆಗಳನ್ನು ನಿಲ್ಲಿಸಿತು. 2004ರಲ್ಲಿ ಆಕ್ಟ್‌ಬ್ಲೂ ಎಂಬ ಆನ್‌ಲೈನ್ ವೇದಿಕೆ ಡೆಮಾಕ್ರಟಿಕ್ ಅಭ್ಯರ್ಥಿಗಳಿಗಾಗಿ ಶುರುವಾಯಿತು, ರಿಪಬ್ಲಿಕನ್ನರಿಗೆ 2019ರಲ್ಲಿ ವಿನ್‌ರೆಡ್ ಬಂತು. 2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟ ಬರ್ನಿ ಸ್ಯಾಂಡರ್ಸ್ ಪಕ್ಷದ ಹಿರಿಯರ ಬೆಂಬಲವಿಲ್ಲದೆ, ಸರಾಸರಿ 27 ಡಾಲರ್ ದೇಣಿಗೆಯನ್ನೇ ಘೋಷಣೆ ಮಾಡಿಕೊಂಡು, ಹಿಲರಿ ಕ್ಲಿಂಟನ್ ಅವರಿಗೆ ಕೊನೆಯವರೆಗೂ ಪೈಪೋಟಿ ಕೊಟ್ಟರು.

ಅಲ್ಲಿ ಹೀಗಾಗಲು ಎರಡು ಕಾರಣ. ದುಡ್ಡು ನೇರ ಅಭ್ಯರ್ಥಿಯ ಖಾತೆಗೆ ಬರುತ್ತದೆ. ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸುವುದು ನಾಯಕರಲ್ಲ, ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕುವವರು. ಈ ಎರಡೂ ಕೂಡಿದಾಗ ಮಾತ್ರ ಮುಖಂಡನ ಮುನಿಸಿಗೆ ಹೆದರಬೇಕಾಗಿಲ್ಲ.

ಅದರ ಇನ್ನೊಂದು ಮುಖವೂ ಅಲ್ಲೇ ಕಾಣುತ್ತದೆ. ಆಗ ಸಂಸದೆಯಾಗಿದ್ದ ಮಾರ್ಜರಿ ಟೇಲರ್ ಗ್ರೀನ್ ಅವರನ್ನು ಅವರ ಮಾತುಗಳಿಗಾಗಿ 2021ರ ಫೆಬ್ರುವರಿಯಲ್ಲಿ ಸದನ ಸಮಿತಿಗಳಿಂದ ಕಿತ್ತುಹಾಕಲಾಯಿತು. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಅವರಿಗೆ 30 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಬಂತು. ಶಿಕ್ಷೆಯೇ ಚಂದಾ ಎತ್ತುವ ಸಾಧನವಾಯಿತು. ಮಾತಿನಿಂದ ಬೆಂಕಿ ಹೊತ್ತಿಕೊಂಡ ದಿನಗಳನ್ನು ಕಂಡಿರುವ ಶಿವಮೊಗ್ಗ ನಗರಕ್ಕೆ ಇದು ದೂರದ ಕತೆಯಲ್ಲ. ಹೊಂದಿಸಿಕೊಂಡು ಹೋಗುವವನಿಗೆ ಫೋನ್‌ಪೇ ಮಾಡುವ ಉತ್ಸಾಹ ಯಾರಿಗೂ ಬರುವುದಿಲ್ಲ, ಅಬ್ಬರಿಸುವವನಿಗೆ ಬರುತ್ತದೆ.

ಕ್ಯೂಆರ್ ಕೋಡಿನ ಹಿಂದಿನ ಖಾತೆ

2023ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ತನ್ನ 138 ವರ್ಷಗಳ ನೆಪದಲ್ಲಿ 138, 1,380, 13,800 ರೂಪಾಯಿಗಳ ದೇಣಿಗೆ ಅಭಿಯಾನ ಶುರು ಮಾಡಿತು. ಬಿಜೆಪಿ 2021ರ ಡಿಸೆಂಬರ್‌ನಲ್ಲಿ 5 ರೂಪಾಯಿಯಿಂದ 1,000ದವರೆಗಿನ ಕಿರು ದೇಣಿಗೆ ಕೇಳಿತ್ತು, 2024ರ ಮಾರ್ಚ್‌ನಲ್ಲಿ ಪ್ರಧಾನಿಯವರೇ 2,000 ಕೊಟ್ಟು ರಸೀದಿ ಹಂಚಿಕೊಂಡರು. ತೀರ್ಥಹಳ್ಳಿಯ ಚಹದಂಗಡಿಯಲ್ಲಿ ಕೂತು ಆ ಕೋಡ್ ಸ್ಕ್ಯಾನ್ ಮಾಡಿದರೆ ಹಣ ತೀರ್ಥಹಳ್ಳಿ ಬ್ಲಾಕ್ ಸಮಿತಿಗೆ ಹೋಗುವುದಿಲ್ಲ, ಪಕ್ಷದ ಕೇಂದ್ರ ಖಾತೆಗೆ ಹೋಗುತ್ತದೆ. ಹೆಸರು, ಮೊಬೈಲ್ ಸಂಖ್ಯೆ, ಪ್ಯಾನ್ ಹೋಗುವುದೂ ಅಲ್ಲಿಗೇ.

ಹಳೆಯ ರಸೀದಿ ಪುಸ್ತಕದ ಕಾಲದಲ್ಲಿ ಅರ್ಧ ಚೀಟಿ ಊರಲ್ಲೇ ಉಳಿಯುತ್ತಿತ್ತು. ಯಾರು ಕೊಟ್ಟರು, ಯಾರು ‘ನಾಳೆ ಬನ್ನಿ’ ಎಂದರು ಎಂಬುದೆಲ್ಲ ಬೂತಿನ ಕಾರ್ಯಕರ್ತನ ತಲೆಯಲ್ಲಿತ್ತು. ಆ ತಿಳಿವೇ ಅವನ ಬಂಡವಾಳ. ಜಿಲ್ಲಾಧ್ಯಕ್ಷರೂ ಅವನನ್ನು ಕೂರಿಸಿ ಮಾತಾಡಿಸುತ್ತಿದ್ದುದು ಅದಕ್ಕೇ. ಈಗ ದೆಹಲಿಯ ಕಚೇರಿ ಅವನನ್ನು ದಾಟಿ ದಾನಿಗೆ ನೇರ ಸಂದೇಶ ಕಳಿಸಬಲ್ಲದು. ಕೋಟಿಗಳಿರುವ ಪಕ್ಷವೂ ನೂರು ರೂಪಾಯಿ ಕೇಳುವುದು ಈ ಸಂಪರ್ಕಕ್ಕೆ, ಜೊತೆಗೆ ‘ಜನರ ದುಡ್ಡಿನ ಪಕ್ಷ’ ಎನ್ನಿಸಿಕೊಳ್ಳುವುದಕ್ಕೆ.

ದೇಣಿಗೆ ಸಣ್ಣದಾದರೂ ಅಧಿಕಾರ ಮೇಲಿನವರ ಕೈಯಲ್ಲೇ ಉಳಿಯುತ್ತದೆ ಎಂಬುದಕ್ಕೆ ಆಮ್ ಆದ್ಮಿ ಪಕ್ಷವೇ ಉದಾಹರಣೆ. 2013ರ ದೆಹಲಿ ಚುನಾವಣೆಗೆ 20 ಕೋಟಿ ಸಂಗ್ರಹವಾಯಿತು, ಇನ್ನು ಕೊಡಬೇಡಿ ಎಂದು ಆ ಪಕ್ಷ ಹೇಳಿತು. ಆಗ ಅದು ಅಪರೂಪದ ನಡೆ. ಆದರೆ 2015ರಲ್ಲಿ ಪಕ್ಷ ಕಟ್ಟಿದವರಲ್ಲೇ ಇದ್ದ ಯೋಗೇಂದ್ರ ಯಾದವ್, ಪ್ರಶಾಂತ್ ಭೂಷಣ್ ಅವರನ್ನು ಹೊರಹಾಕುವಾಗ ದುಡ್ಡು ಕೊಟ್ಟ ಸಾವಿರಾರು ಜನರನ್ನು ಯಾರೂ ಕೇಳಲಿಲ್ಲ, ಕೇಳುವ ಏರ್ಪಾಡೇ ಇರಲಿಲ್ಲ. ಸಿಪಿಎಂನಲ್ಲಂತೂ ಸದಸ್ಯರು ವರಮಾನದ ಒಂದು ಪಾಲನ್ನು ಲೆವಿಯಾಗಿ ಕಟ್ಟುತ್ತಾರೆ, ಚುನಾಯಿತರು ಸಂಬಳವನ್ನೇ ಪಕ್ಷಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಸಣ್ಣ ದುಡ್ಡು ಪಕ್ಷದ ಶಿಸ್ತನ್ನು ಬಿಗಿ ಮಾಡುತ್ತದೆ.

ತೆರಿಗೆ ಕಾನೂನೂ ಈ ಕಡೆಗೇ ವಾಲಿದೆ. ನೋಂದಾಯಿತ ಪಕ್ಷಕ್ಕೆ ನಗದಲ್ಲದೆ ಕೊಟ್ಟ ದೇಣಿಗೆಗೆ ವಿನಾಯಿತಿ ಉಂಟು. ಪಕ್ಷೇತರನಿಗೋ ಅಭ್ಯರ್ಥಿಯ ಸ್ವಂತ ಚುನಾವಣಾ ಖಾತೆಗೋ ಕೊಟ್ಟರೆ ಇಲ್ಲ.

ಬಿ ಫಾರಂ ಎಂಬ ಗಂಟು

ಒಬ್ಬ ಅಭ್ಯರ್ಥಿ ಈ ಅಡ್ಡಿಗಳನ್ನೆಲ್ಲ ದಾಟಿ ಕ್ಷೇತ್ರದ ಜನರಿಂದಲೇ ಹಣ ಕೂಡಿಸಿದ ಎನ್ನೋಣ. ಲೆಕ್ಕ ಅಸಾಧ್ಯವಲ್ಲ. ತಲಾ 500 ಕೊಡುವ 8 ಸಾವಿರ ಜನ ಸಿಕ್ಕರೆ ಕಾನೂನು ಒಪ್ಪುವ 40 ಲಕ್ಷ ಪೂರಾ ಆಗುತ್ತದೆ. ಮಲೆನಾಡಿನ ಕ್ಷೇತ್ರವೊಂದರಲ್ಲಿ ಮತದಾರರು ಸುಮಾರು ಎರಡು ಲಕ್ಷ. ಅಡಿಕೆ ಮಂಡಿಗೆ ಬಂದು ಕೈಯಲ್ಲಿ ಕಾಸಾಡುವ ತಿಂಗಳಾದರೆ ಇನ್ನೂ ಸುಲಭ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿ ದುಡಿಯುವ ಮಗ ತನ್ನ ಉಳಿತಾಯದಿಂದ ಕಳಿಸಬಹುದು, ಅಲ್ಲಿನ ಪೌರತ್ವ ಪಡೆದವನು ಕಳಿಸುವಂತಿಲ್ಲ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸಿದರೆ ಕಾನೂನಿನ ಕೆಲಸ ಮುಗಿಯಿತು. 40 ಲಕ್ಷದಲ್ಲಿ ನಿಜಕ್ಕೂ ಚುನಾವಣೆ ಮುಗಿಯುತ್ತದೆಯೇ ಎಂದು ಕೇಳಿದರೆ ಮಲೆನಾಡಿನ ಯಾವ ಪಕ್ಷದ ಕಾರ್ಯಕರ್ತನೂ ನಕ್ಕಾನು, ಅದು ಬೇರೆ ಮಾತು.

ಆಮೇಲೂ ಒಂದು ಕಾಗದ ಉಳಿಯುತ್ತದೆ. ಪಕ್ಷದ ಚಿಹ್ನೆ ಯಾರಿಗೆ ಎಂದು ಹೇಳುವುದು ಬಿ ಫಾರಂ. ಅದಕ್ಕೆ ಅಧಿಕಾರವುಳ್ಳ ಪದಾಧಿಕಾರಿ ಶಾಯಿಯಲ್ಲೇ ಸಹಿ ಹಾಕಿರಬೇಕು, ಮುದ್ರೆ ಒತ್ತಿದ ಸಹಿ ನಡೆಯದು. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜು ಮುಟ್ಟಿರಬೇಕು. ಆ ಗಳಿಗೆಯವರೆಗೂ ಹೆಸರು ಬದಲಿಸಲು ಪಕ್ಷಕ್ಕೆ ಅವಕಾಶವಿದೆ. 8 ಸಾವಿರ ಜನರ ದುಡ್ಡು ಒಂದು ಕಡೆ, ಒಬ್ಬರ ಸಹಿ ಒಂದು ಕಡೆ. ಗೆದ್ದ ಮೇಲೆ ಪಕ್ಷಾಂತರ ನಿಷೇಧ ಕಾಯ್ದೆ ಇದ್ದೇ ಇದೆ. 1985ರಿಂದ ಜಾರಿಯಲ್ಲಿರುವ ಅದರಡಿ ಪಕ್ಷದ ಆದೇಶವಾದ ವಿಪ್ ಮೀರಿದ ಶಾಸಕ ಸ್ಥಾನ ಕಳೆದುಕೊಳ್ಳಬಹುದು. ಊರ ದುಡ್ಡಿನಿಂದ ಗೆದ್ದೆ ಎಂಬುದು ಅಲ್ಲಿ ಸಮರ್ಥನೆಯಾಗದು.

ಹಾಗಾದರೆ ಜನರ ದುಡ್ಡಿಗೆ ಬೆಲೆಯೇ ಇಲ್ಲವೇ? ಇದೆ, ಬಂಡಾಯದ ಬೆದರಿಕೆಯಾಗಿ. 2023ರಲ್ಲಿ ಶಿಕಾರಿಪುರದಲ್ಲಿ ಕಾಂಗ್ರೆಸ್ ಟಿಕೆಟ್ ತಪ್ಪಿದ ನಾಗರಾಜಗೌಡರು ಪಕ್ಷೇತರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು. ಬಿ.ವೈ. ವಿಜಯೇಂದ್ರ ಗೆದ್ದದ್ದು ಸುಮಾರು 11 ಸಾವಿರ ಮತಗಳಿಂದ, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಮೂರನೆಯವರಾದರು. ಮರುವರ್ಷ ಲೋಕಸಭೆಗೆ ಶಿವಮೊಗ್ಗದಿಂದ ಬಂಡಾಯವೆದ್ದ ಕೆ.ಎಸ್. ಈಶ್ವರಪ್ಪ ಠೇವಣಿ ಉಳಿಸಿಕೊಳ್ಳಲಿಲ್ಲ. ಒಂದು ವಿಧಾನಸಭೆ ಕ್ಷೇತ್ರವನ್ನು ಸ್ಥಳೀಯ ಬಲದಿಂದ ಹಿಡಿಯಬಹುದು, ಬೈಂದೂರು ಸೇರಿ ಎಂಟು ಕ್ಷೇತ್ರ ಹರಡಿದ ಲೋಕಸಭೆಯಲ್ಲಿ ಪಕ್ಷದ ಯಂತ್ರವಿಲ್ಲದೆ ನಡೆಯದು. ಸಣ್ಣ ದೇಣಿಗೆಯ ಕಸುವೂ ಇದೇ ಅಳತೆಯಲ್ಲಿ ನಡೆಯುತ್ತದೆ, ಕ್ಷೇತ್ರ ಹಿಗ್ಗಿದಷ್ಟೂ ಅದು ತೆಳ್ಳಗಾಗುತ್ತದೆ. 2019ರ ಲೋಕಸಭೆ ಚುನಾವಣೆಯಲ್ಲಿ ಬಿಹಾರದ ಬೇಗುಸರಾಯ್‌ನಲ್ಲಿ ಸಿಪಿಐನ ಕನ್ಹಯ್ಯ ಕುಮಾರ್ ಅಂದಿನ ಪೂರ್ತಿ ಮಿತಿಯಾದ 70 ಲಕ್ಷವನ್ನು ಜನರಿಂದಲೇ ಎತ್ತಿದರು, ಸೋತದ್ದು 4 ಲಕ್ಷಕ್ಕೂ ಹೆಚ್ಚು ಮತಗಳಿಂದ.

ಮಲೆನಾಡಿನಲ್ಲಿ ಹೈಕಮಾಂಡಿಗೆ ಸಡ್ಡು ಹೊಡೆದವರು ಇಲ್ಲವೆಂದಲ್ಲ. ಬಂಗಾರಪ್ಪ ಬೇರೆ ಬೇರೆ ಚಿಹ್ನೆಗಳಲ್ಲಿ ಶಿವಮೊಗ್ಗ ಲೋಕಸಭೆ ಗೆದ್ದರು. ಯಡಿಯೂರಪ್ಪ ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿ, 2013ರಲ್ಲಿ 6 ಸ್ಥಾನ ಗಳಿಸಿ, ಬಿಜೆಪಿಯನ್ನು ಸೋಲಿಸಿ, 2014ರಲ್ಲಿ ಮರಳಿದರು. ಇವು ಒಬ್ಬ ದೊಡ್ಡ ನಾಯಕ ಇನ್ನೊಬ್ಬ ದೊಡ್ಡ ನಾಯಕನ ಕೈ ತಿರುಚಿದ ಕತೆಗಳು. ಬೂತಿನ ಕಾರ್ಯಕರ್ತನ ಕೈಗೆ ಅದರಿಂದ ಏನೂ ಬರಲಿಲ್ಲ.

ಎದುರು ವಾದಗಳಲ್ಲಿ ತೂಕವಿರುವವು

ಅಭ್ಯರ್ಥಿಗಳು ಸ್ವಂತ ಚಂದಾ ಎತ್ತತೊಡಗಿದರೆ ಪಕ್ಷ ಎನ್ನುವುದು ಅಂಗಡಿ ಸಾಲಾಗುತ್ತದೆ ಎಂದು ಪದಾಧಿಕಾರಿಗಳು ಹೇಳುತ್ತಾರೆ. ಅದರಲ್ಲಿ ಸ್ವಾರ್ಥವಿದೆ, ಒಂದಿಷ್ಟು ನಿಜವೂ ಇದೆ. ತೋಟದ ಸೀಮೆಯ ಅಭ್ಯರ್ಥಿಗೆ ಹುಟ್ಟುವ ದುಡ್ಡು ಶರಾವತಿ ಮುಳುಗಡೆ ಸಂತ್ರಸ್ತರ ಕೇರಿಯಿಂದ ಬಂದವನಿಗೆ ಹುಟ್ಟುವುದಿಲ್ಲ. ಹಕ್ಕುಪತ್ರಕ್ಕೇ ಅಲೆಯುತ್ತಿರುವವರು ಚುನಾವಣೆಗೆ 500 ಎಲ್ಲಿಂದ ತಂದಾರು? ಪಕ್ಷದ ಕೇಂದ್ರ ನಿಧಿ ಸರಿಯಾಗಿ ನಡೆದರೆ ಬಡ ಅಭ್ಯರ್ಥಿಗೆ ಆಸರೆ ಆಗಬಲ್ಲದು.

ಇದಕ್ಕಿಂತ ಗಂಭೀರವಾದದ್ದು ಜಾತಿಯ ಪ್ರಶ್ನೆ. ಮಲೆನಾಡಿನಲ್ಲಿ ಮನೆಮನೆಯಿಂದ ಹಣ ಎತ್ತುವ ಪಳಗಿದ ವ್ಯವಸ್ಥೆ ಪಕ್ಷಗಳಿಗಿಂತ ಜಾತಿ ಸಂಘಗಳಿಗೂ ಮಠಗಳಿಗೂ ಹೆಚ್ಚು ಇದೆ. ಚುನಾವಣಾ ವಂತಿಗೆಯೂ ಅದೇ ಕಾಲುವೆಯಲ್ಲಿ ಹರಿದರೆ ಅಧಿಕಾರ ದೆಹಲಿಯಿಂದ ಹೊರಟು ಸಂಘದ ಅಧ್ಯಕ್ಷರ ಜಗಲಿಗೆ ಬಂದು ಕೂರುತ್ತದೆ. ಕಾರ್ಯಕರ್ತನಿಗೆ ಕಾಯುವ ಬಾಗಿಲು ಬದಲಾಗುತ್ತದೆ, ಕಾಯುವುದು ತಪ್ಪುವುದಿಲ್ಲ.

ಮೂರನೆಯದು ಸಣ್ಣ ದೇಣಿಗೆಯ ಮುಸುಕು. 20 ಸಾವಿರ ರೂಪಾಯಿವರೆಗಿನ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ಹೇಳಬೇಕಿಲ್ಲ. ನಗದಿನ ಮಿತಿ 2 ಸಾವಿರಕ್ಕೆ ಇಳಿದದ್ದು 2017ರಲ್ಲಿ. 20 ಸಾವಿರ ಮೀರಿದ ಒಂದೂ ದೇಣಿಗೆ ಬಂದಿಲ್ಲ ಎಂದು ಬಿಎಸ್‌ಪಿ ವರ್ಷಗಟ್ಟಲೆ ಘೋಷಿಸುತ್ತ ಬಂದಿದೆ. ಬಡವರ ಪಕ್ಷಕ್ಕೆ ಅದು ಸಹಜ ಎನ್ನಬಹುದು, ಪರೀಕ್ಷಿಸುವ ದಾರಿ ಇಲ್ಲ ಎಂದೂ ಹೇಳಬಹುದು. ದೊಡ್ಡ ಗಂಟನ್ನು ಸಣ್ಣ ಚೀಟಿಗಳಾಗಿ ಒಡೆದು ತೋರಿಸುವುದಕ್ಕೆ ಈ ರಂಧ್ರ ಸಾಕು. ಕಾಗದದ ಮೇಲೆ ಸಣ್ಣದಾಗಿ ಕಾಣುವ ದೇಣಿಗೆಯನ್ನೆಲ್ಲ ಜನರ ದೇಣಿಗೆ ಎಂದು ಕರೆಯುವ ಆತುರ ಬೇಡ.

ಮುಂದೆ ನೋಡಬೇಕಾದದ್ದು ಎಲ್ಲಿ

ಬದಲಾವಣೆ ಮೊದಲು ಕಾಣುವುದಾದರೆ ಕೆಳಗಿನ ಹಂತದಲ್ಲಿ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಬಿ ಫಾರಂ ಇಲ್ಲ. ಅಲ್ಲಿ ವಾರ್ಡಿನವರೇ ದುಡ್ಡು ಹಾಕಿ ನಿಲ್ಲಿಸಿದ ಸದಸ್ಯನನ್ನು ಮೇಲಿನವರು ಬಗ್ಗಿಸುವುದು ಕಷ್ಟ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದು ಚಿಹ್ನೆಯ ಚುನಾವಣೆ, ಆದರೆ ಕ್ಷೇತ್ರ ಚಿಕ್ಕದು, ಖರ್ಚು ಊರವರ ಕೈಗೆಟಕುವಂಥದು. ಅವುಗಳ ಅವಧಿ 2021ರಲ್ಲೇ ಮುಗಿದು, ಹೊಸ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋದದ್ದರಿಂದ ಹೊಸ ಮುಖಗಳು ಸ್ವಂತ ಬಲ ತೋರಿಸುವ ಮೆಟ್ಟಿಲೇ ಮುರಿದಂತಾಗಿದೆ. ಹೈಕಮಾಂಡುಗಳಿಗೆ ಇದರಿಂದ ನಷ್ಟವಿಲ್ಲ ಎಂಬುದನ್ನು ಗುರುತಿಸಿಕೊಳ್ಳಬೇಕು.

ಕಾನೂನಿನಲ್ಲಿ ಆಗಬೇಕಾದದ್ದು ಎರಡು ಮೂರೇ. ಅಭ್ಯರ್ಥಿಯ ಚುನಾವಣಾ ಖಾತೆಗೆ ಕೊಡುವ ಸಣ್ಣ ಮೊತ್ತಕ್ಕೂ ತೆರಿಗೆ ವಿನಾಯಿತಿ ಸಿಗಬೇಕು, ಪಕ್ಷದ ಖರ್ಚಿಗೂ ಮಿತಿ ಬೇಕು, ತಾಲ್ಲೂಕಿನಲ್ಲಿ ಎತ್ತಿದ ಹಣದ ಒಂದು ಪಾಲು ತಾಲ್ಲೂಕು ಸಮಿತಿಯಲ್ಲೇ ಉಳಿಯುವ ನಿಯಮ ಪಕ್ಷಗಳ ಸಂವಿಧಾನದಲ್ಲಿ ಬರಬೇಕು. ಮೊದಲೆರಡನ್ನು ಸಂಸತ್ತು ಮಾಡಬೇಕು, ಅಲ್ಲಿ ಕೂತಿರುವವರು ಬಿ ಫಾರಂ ಪಡೆದೇ ಬಂದವರು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಮುಂದಿನ ಬಾರಿ ಪಕ್ಷದ ಕೋಡ್ ಹಿಡಿದು ಬರುವವರನ್ನು, ಈ ನೂರರಲ್ಲಿ ನಮ್ಮ ಬ್ಲಾಕ್ ಸಮಿತಿಗೆ ಉಳಿಯುವುದೆಷ್ಟು ಎಂದು ಕೇಳಬಹುದು.